ಪಕ್ಕೀರಪ್ಪನ ನೋವು

"ಇವತ್ತು ಎಂಟು ಐತ್ರಿ" ಎಂದಳು ಹುಲುಗಮ್ಮ.

ಸುಳ್ಳು. ಮಂಚದ ಮೇಲಿದ್ದ ಅವಳ ಗಂಡ ಪಕ್ಕೀರಪ್ಪನಿಗೆ ಎಂಟೂ ಇರಲಿಲ್ಲ, ಒಂದೂ ಇರಲಿಲ್ಲ. ಲಕ್ವ ಹೊಡೆದು ಬಲಮೈ ಬಿದ್ದ ಮೇಲೆ ನೋವೆಂಬುದೇ ಅವನಿಗೆ ಮರೆತುಹೋಗಿತ್ತು. ಹೇಳೋಣವೆಂದರೆ ಬಾಯಿಯೂ ಅದರ ಜೊತೆಗೇ ಹೋಗಿತ್ತು. ಹೊಳೆಯಲ್ಲಿ ಹರಿಗೋಲು ಹಾಕುತ್ತ ಆಚೆ ದಡದವರನ್ನು ಕೂಗಿ ಕರೆದ ಗಂಟಲು ಈಗ ಗೊರಗೊರ ಎನ್ನುತ್ತಿತ್ತು, ಅಷ್ಟೆ.

ನರ್ಸ್ ಅಮೃತಾ ಹಾಸಿಗೆ ಹಿಡಿದವರನ್ನು ನೋಡಲು ಹಡಗಲಿಯಿಂದ ಮಾಗಳಕ್ಕೆ ಸ್ಕೂಟಿಯಲ್ಲಿ ಬರುವವಳು. ಅವಳ ಕೈಯಲ್ಲೊಂದು ನೋವು ಅಳೆಯುವ ರಟ್ಟು. ಸೊನ್ನೆಯ ಮೇಲೆ ನಗುವ ಮುಖ, ಹತ್ತರ ಮೇಲೆ ಅಳುವ ಮುಖ. ಲಕ್ವ ಸೊಟ್ಟ ಮಾಡಿದ ಪಕ್ಕೀರಪ್ಪನ ಮುಖ ಎಂಟರ ಚಿತ್ರದಂತೆಯೇ ಇತ್ತು. ಯಾರು ತಾನೆ ಅನುಮಾನಪಟ್ಟಾರು?

ಎಂಥ ನೋವು ಎಂದು ಕೇಳಿದರೆ ಹುಲುಗಮ್ಮ ತಡವರಿಸುತ್ತಿರಲಿಲ್ಲ. "ಹಸಿ ಮೆಣಸಿನಕಾಯಿ ಅರದು ಒಳಗ ಮೆತ್ತಿದಂಗ ಉರಿತೈತ್ರಿ. ಆಮ್ಯಾಲ ಹಿಂಡತೈತಿ, ಒದ್ದಿ ಅರಿವಿ ಹಿಂಡಿದಂಗ." ಗಂಡನ ಹೊಟ್ಟೆಯ ಮೇಲೆ ಕೈಯಿಟ್ಟು ಜಾಗವನ್ನೂ ತೋರಿಸುತ್ತಿದ್ದಳು. ಅಮೃತಾ ಡಾಕ್ಟರಿಗೆ ಫೋನು ಮಾಡಿ, ಜೋರಾದ ಗುಳಿಗೆ ಕೊಟ್ಟು, ಹೆಚ್ಚಾದರೆ ಉಸಿರೇ ನಿಂತೀತು ಎಂದು ಎಚ್ಚರಿಸಿ ಹೋಗುತ್ತಿದ್ದಳು.

ಅದರಲ್ಲಿ ಒಂದು ಗುಳಿಗೆಯೂ ಪಕ್ಕೀರಪ್ಪನ ನಾಲಿಗೆಗೆ ಬಿದ್ದಿರಲಿಲ್ಲ. ಎಲ್ಲವೂ ಹುಲುಗಮ್ಮನ ಸೆರಗಿನ ಗಂಟು ಸೇರುತ್ತಿದ್ದವು.

ಯಾವ ದಿನಕ್ಕೆಂದು ಕೂಡಿಡುತ್ತಿದ್ದಾಳೆ? ಗಂಜಿಯ ಬಟ್ಟಲು ಬಂದಾಗಲೆಲ್ಲ ಅವನು ಮೊದಲ ಗುಟುಕನ್ನು ನಾಲಿಗೆಯ ಮೇಲಿಟ್ಟುಕೊಂಡು ಕಹಿ ಹುಡುಕುತ್ತಿದ್ದ. ಅವಳು ಅವನೆದುರು ಉಣ್ಣುವುದನ್ನೇ ಬಿಟ್ಟಿದ್ದಳು. ಮೊದಲಿನಂತೆ ಕೊಡವನ್ನು ಸೊಂಟಕ್ಕೇರಿಸುತ್ತಿರಲಿಲ್ಲ. ಕಂಬಕ್ಕೊರಗಿ, ಹಲ್ಲು ಕಚ್ಚಿ, ಅವನನ್ನೇ ನೋಡುತ್ತ ಕೂರುತ್ತಿದ್ದಳು. ಬಾಯಿ ಇದ್ದಷ್ಟು ದಿನ ಅವನು ಅವಳೊಡನೆ ಮೆತ್ತಗೆ ಮಾತಾಡಿದವನಲ್ಲ. ಎಲ್ಲ ನೆನಪಿಟ್ಟುಕೊಂಡಿದ್ದಾಳೆ ಎಂದುಕೊಂಡ.

ಮೊನ್ನೆ ಪಕ್ಕದ ಮನೆಯ ಜಂಬಕ್ಕ ಬಂದಿದ್ದಳು. ಹೊಳಲಿನ ಮೈದುನನಿಗೆ ಗಡ್ಡೆ ಎದ್ದ ಜಾಗವನ್ನು ಅವಳು ತನ್ನ ಹೊಟ್ಟೆ ಮುಟ್ಟಿ ತೋರಿಸಿದ್ದೇ ತಡ, ಹುಲುಗಮ್ಮ ಗದರಿಕೊಂಡಳು.

"ಮಂದಿ ಜಡ್ಡು ನಿನ್ನ ಮೈಮ್ಯಾಲ ತೋರಸ್ತಿಯಲ್ಲೇ, ಬಂದು ಕುಂತ್ಗಂಡ್ರ? ಬಿಡ್ತು ಅನ್ನು."

ಜಂಬಕ್ಕ ಬಿಡ್ತು ಬಿಡ್ತು ಎಂದು ಹೊಟ್ಟೆ ಒರೆಸಿ ಕೈ ಕೊಡವಿದ ಮೇಲೆಯೇ ಮಾತು ಮುಂದೆ ಹೋಯಿತು. ಹುಲುಗಮ್ಮ ದನಿ ತಗ್ಗಿಸಿದಳು. ಆದರೂ ಕೇಳಿಸಿತು.

"ಇವ್ರದು ಮೊದ್ಲು ಮುಗೀಲಿ ಅಂತ ಊರಮ್ಮಗ ಬೇಡ್ಕೊಂಡೀನಿ."

ಮುತ್ತೈದೆಯಾದವಳು ಬೇಡುವ ವರವೇ ಅದು?

ಅಂದಿನಿಂದ ಪಕ್ಕೀರಪ್ಪ ಕಂಬಳಿಯೊಳಗೆ ಎಡಗೈ ಎತ್ತುವುದನ್ನು ಕಲಿಯತೊಡಗಿದ. ನರ್ಸಮ್ಮ ಬಂದಾಗ ಬೆರಳು ಮಾಡಿ ತೋರಿಸಿಬಿಡಬೇಕು. ನನ್ನನ್ನು ಕೊಲ್ಲುವವಳು ಇವಳೇ ಎಂದು.

ಇವತ್ತು ಕೈ ಏಳುತ್ತಿತ್ತು.

ಎಂಟು ಎಂದರೆ ಬಹಳವಾಯಿತು ಎಂದು ಅಮೃತಾ ಹುಬ್ಬು ಗಂಟಿಕ್ಕಿದಳು. "ಎಲ್ಲಿಂದ ಎಲ್ಲೀಮಟ ನೋಯತೈತಿ, ಸರಿಯಾಗಿ ಹೇಳಮ್ಮ."

ಹುಲುಗಮ್ಮ ಬಾಯಿ ತೆರೆದಳು. ಮಾತು ಅರ್ಧಕ್ಕೇ ನಿಂತಿತು. ಹಣೆಯಲ್ಲಿ ಬೆವರೊಡೆಯಿತು. ಅಂಗೈ ತನ್ನದೇ ಬಲಪಕ್ಕೆಯ ಕೆಳಗೆ ಹೋಗಿ ಒತ್ತಿತು, ಅಲ್ಲಿಂದ ಬೆನ್ನಿಗೆ ಸರಿಯಿತು.

"ಇಲ್ಲಿಂದ... ಇಲ್ಲೀಮಟ."

ಪಕ್ಕೀರಪ್ಪ ಕಾದ. ಈಗ ಬಿಡ್ತು ಎಂದಾಳು, ಕೈ ಕೊಡವಿಯಾಳು. ಕಂಡವರ ನೋವಾಗಿದ್ದರೆ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ.

ಹುಲುಗಮ್ಮ ಬಿಡ್ತು ಅನ್ನಲಿಲ್ಲ. ಕೈ ಅಲ್ಲೇ ಇತ್ತು. ಸೆರಗಿನ ತುದಿ ಮಂಚದಂಚಿಗೆ ಜಾರಿ ಬಿದ್ದಿತ್ತು. ಗಂಟು ಬಿಚ್ಚಿಕೊಂಡಿತ್ತು, ಒಳಗೆ ಒಂದು ಗುಳಿಗೆಯೂ ಉಳಿದಿರಲಿಲ್ಲ.

ಅಮೃತಾ ಮಂಚದತ್ತ ಬಗ್ಗಿದಳು. "ತಾತ, ನೀನ ತೋರಿಸು. ನೋವು ಎಲ್ಲೈತಿ?"

ಪಕ್ಕೀರಪ್ಪ ಎಡಗೈ ಎತ್ತಿ ಹುಲುಗಮ್ಮನ ಕಡೆ ಬೆರಳು ಮಾಡಿದ.