ಹಬ್ಬದ ತಣ್ಣೀರು

ರಾಯಚೂರಿನ ಬಿಸಿಲ ಝಳ ವರ್ಷವಿಡೀ ಇಳಿಯದಂತಾದ ಮೇಲೆ ಅಲ್ಲಿಯ ಗಂಡಸರ ವೃಷಣಗಳಲ್ಲಿ ಜೀವವಿರುವ ವೀರ್ಯಾಣು ಹುಟ್ಟುವುದೇ ಅಪರೂಪವಾಗಿತ್ತು. ತಂದೆಯಾಗಬೇಕೆನ್ನುವವರು ಮೂರು ತಿಂಗಳು ಸಡಿಲ ಲುಂಗಿ ಸುತ್ತಿಕೊಂಡು ಓಣಿಯ ತಂಪುಮನೆಯಲ್ಲಿ ಒದ್ದೆ ಕಲ್ಲಿನ ಮೇಲೆ ಕೂರುತ್ತಿದ್ದರು. ಚನ್ನವೀರನೂ ಕೂತಿದ್ದ. ನಿನ್ನೆ ಡಾಕ್ಟರರ ಪರದೆಯ ಮೇಲೆ ಅವನ ವೀರ್ಯಾಣುಗಳು ಬಾಲ ಬಡಿಯುತ್ತ ಈಜಿದ್ದನ್ನು ಕಂಡು ಹೆಂಡತಿ ನೀಲಮ್ಮ ಸಿಳ್ಳೆಯನ್ನೇ ಹೊಡೆದಿದ್ದಳು. ದೃಷ್ಟಿಯಾದೀತೆಂದು ಅತ್ತೆಗೂ ಹೇಳಿರಲಿಲ್ಲ.

ಇವತ್ತು ನರಕ ಚತುರ್ದಶಿ. ನೀಲಮ್ಮ ಐಸ್ ನೀರಿನ ಕೊಡ ಹೊತ್ತು ಬರುವಷ್ಟರಲ್ಲಿ ಚನ್ನವೀರ ತಾಯಿಗೆ ಒಲ್ಲೆ ಎನ್ನಲಾಗದೆ ಎಣ್ಣೆ ಹಚ್ಚಿಸಿಕೊಂಡು ಬಚ್ಚಲಲ್ಲಿ ಕೂತಿದ್ದ. ತಾಯಿ ಶಂಕ್ರವ್ವ ಹಂಡೆಯಿಂದ ಹಬೆಯಾಡುವ ನೀರು ಮೊಗೆದಿದ್ದಳು.

“ಅತ್ತೀ, ಸುರೀಬ್ಯಾಡ್ರಿ! ಆ ಬಿಸಿಗೆ ಎಲ್ಲಾ ಸತ್ತು ಹೋಗ್ತಾವ!”

“ಮಂದಿ ಮನ್ಯಾಗ ಏನರ ಮಾಡ್ಲಿ. ಹಬ್ಬದ ದಿನ ನನ್ನ ಮಗಗ ನಾ ತಣ್ಣೀರು ಹಾಕಂಗಿಲ್ಲ.”

“ನಿನ್ನೆ ನಾ ಕಣ್ಣಾರೆ ನೋಡೀನ್ರಿ, ಈಜಾಕತ್ತಿದ್ವು!”

ಶಂಕ್ರವ್ವನ ಕೈ ಗಾಳಿಯಲ್ಲೇ ನಿಂತಿತು. “ಖರೇನ? ಈಜಾಕತ್ತಿದ್ವಾ?”

ಚೊಂಬಿನ ಬಿಸಿನೀರನ್ನು ಮೋರಿಗೆ ಚೆಲ್ಲಿ, ಸೊಸೆಯ ಕೈಯಿಂದ ಕೊಡ ಕಸಿದುಕೊಂಡು ಮಗನ ಮೈಮೇಲೆ ಸುರಿದೇಬಿಟ್ಟಳು.

“ಯಪ್ಪೋ!” ಎಂಬ ಕೂಗಿಗೆ ಓಣಿಯೇ ಎದ್ದು ಹೊರಗೆ ಬಂತು. ಹಬ್ಬದ ಬೆಳಗ್ಗೆ ಬಚ್ಚಲಿಂದ ಗಂಡಸಿನ ಕೂಗು ಕೇಳಿದರೆ ಆ ಮನೆಯಲ್ಲಿ ಕೂಸಿನ ಆಸೆ ಚಿಗುರಿದೆ ಎಂದೇ ಅರ್ಥ. ಯಾರೋ ಪಟಾಕಿ ಸರಕ್ಕೆ ಕಿಡಿ ತಾಗಿಸಿದರು.

ಒಳಗೆ ಶಂಕ್ರವ್ವ ಕೊಡದಲ್ಲಿ ಉಳಿದ ನೀರನ್ನು ಮತ್ತೆ ಎತ್ತಿ ಹಿಡಿದಳು.

“ಇನ್ನೂ ಜೋರಾಗಿ ಕೂಗಪ್ಪ. ಕಡೀ ಮನಿಗೂ ಕೇಳ್ಲಿ!”