ಮರಿಗೌಡನ ಎಡೆ

ಸತ್ತವರ ಜಠರದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬದುಕಿಸಿಡುವುದು ರೂಢಿಗೆ ಬಂದ ಮೇಲೆ, ತಿಥಿಯ ದಿನ ಎಡೆಯಿಟ್ಟು ಕಾಗೆಯ ದಾರಿ ಕಾಯುವವರೇ ಇಲ್ಲವಾದರು. ನಿಂಗಾಜಮ್ಮನೂ ಮಗ ಮರಿಗೌಡನಿಗೆ ಪ್ರಿಯವಾಗಿದ್ದ ಗಸಗಸೆ ಪಾಯಸ ಹಿಡಿದು ಸೊಸೆಯ ಪ್ರಯೋಗಾಲಯಕ್ಕೇ ಬಂದಳು. ಸೊಸೆ ಸುಕನ್ಯಾ ಜಠರದ ಕ್ಯಾನ್ಸರಿನ ವಿಜ್ಞಾನಿ. ಅವಳ ಗಂಡನನ್ನು ಕೊಂದದ್ದೂ ಅದೇ ರೋಗ.

ಸುಕನ್ಯಾ ಪಾಯಸವನ್ನು ಸೋಸಿ, ಗಾಜಿನ ತಟ್ಟೆಗೆ ಒಂದು ತೊಟ್ಟು ಬಿಟ್ಟಳು. ಮುದುಕಿ ಸೂಕ್ಷ್ಮದರ್ಶಕದ ಪರದೆಯ ಮೇಲೆ ಕಣ್ಣು ನೆಟ್ಟಳು.

"ಆಸ್ಪತ್ರೇಲಿ ಒಂದ್ ಗುಟುಕು ಗಂಜಿ ಕುಡುದ್ರೂ ಕಕ್ಕೋನು ನನ್ ಕಂದ. ಈಗ ನೋಡವ್ವ, ಹೋದ್ ವರ್ಸಕ್ಕಿಂತ ಎಷ್ಟ್ ಚೆಂದಾಗಿ ಬೆಳ್ದವ್ನೆ!"

ಗಂಡನ ಹೊಟ್ಟೆಯಿಂದ ಸುಕನ್ಯಾ ತೆಗೆದಿಟ್ಟದ್ದು ಎರಡು ಬಗೆಯ ಕೋಶಗಳನ್ನು. ಆರೋಗ್ಯವಾಗಿದ್ದವು ಮೊದಲ ತಿಥಿಗೆ ಮುಂಚೆಯೇ ಸತ್ತಿದ್ದವು. ಪಾಯಸ ಹೊತ್ತು ಬಂದ ಅತ್ತೆಯನ್ನು ಹಾಗೆಯೇ ಕಳಿಸಲಾರದೆ, ಅಂದು ಉಳಿದಿದ್ದ ತಟ್ಟೆಯನ್ನೇ ಮುಂದಿಟ್ಟಿದ್ದಳು. ಅದರಲ್ಲಿದ್ದದ್ದು ಕ್ಯಾನ್ಸರ್ ಗಡ್ಡೆ; ಇಂದೂ ಅದೇ.

"ಪಾಪ, ಇನ್ನೂ ಹಸ್ಕಂಡವ್ನೆ. ಇನ್ನೊಂದ್ ತೊಟ್ಟು ಬಿಡವ್ವ."

ಅಂಥ ಗಡ್ಡೆಗಳನ್ನು ಹಸಿವಿನಿಂದ ಸಾಯಿಸುವ ಮದ್ದು ಹುಡುಕುವುದರಲ್ಲೇ ಸುಕನ್ಯಾ ಅರ್ಧ ಆಯಸ್ಸು ತೇದಿದ್ದಳು.

"ಉಣ್ಲಿ ಬಿಡಿ ಅತ್ತೆ," ಎಂದು ಇನ್ನೊಂದು ತೊಟ್ಟು ಬಿಟ್ಟಳು.