ರೆಕಾರ್ಡರ್‌ಗೆ ಮೊದಲ ಸರದಿ

ಮತ್ತೆ 'ಟಿಕ್' ಎಂದಿತು. ಅರ್ಧ ಪದ ಮಾಯ. ಸೌಂಡ್ ಇಂಜಿನಿಯರ್ ಹೆಡ್‌ಫೋನ್ ಸರಿಸಿ ಕಂಪ್ಯೂಟರಿಗೆ ಮನಸಾರೆ ಬೈದ. ಗಾಜಿನಾಚೆ ಮೈಕಿನ ಮುಂದೆ ಕೂತಿದ್ದ ಡ್ರೈವಿಂಗ್ ಸ್ಕೂಲಿನ ಮೇಡಂಗೆ ನಾಳೆ ಗಂಟಲಿನ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಪರದೆಯ ಮೇಲೆ ಬರುವ ವಾಕ್ಯಗಳನ್ನೆಲ್ಲ ಇವತ್ತು ಓದಿ ಮುಗಿಸಿದರೆ, ಮುಂದೆ ಅವರು ಟೈಪ್ ಮಾಡಿದ್ದನ್ನು ಯಂತ್ರ ಅವರದೇ ದನಿಯಲ್ಲಿ ಹೇಳುತ್ತದೆ. ಆದರೆ ಆ ದನಿ ಆಗಲೇ ಒರಟಾಗಿತ್ತು, ಹೆಚ್ಚು ಹೊತ್ತು ತಾಳುವಂತಿರಲಿಲ್ಲ.

"ಇನ್ನೊಂದ್ಸಲ ಮೊದಲಿಂದ ಓದ್ಬೇಕೇನಪ್ಪಾ?"

"ಹೌದು ಮೇಡಂ, ಸ್ವಲ್ಪ ತಡೀರಿ. ಬೇರೆ ಪ್ರೋಗ್ರಾಂಗಳು ಮಧ್ಯ ಬಾಯಿ ಹಾಕ್ತಿವೆ. ರೆಕಾರ್ಡರ್‌ಗೇ ಮೊದಲ ಸರದಿ ಕೊಟ್ಬಿಡ್ತೀನಿ."

ಪಟ್ಟಿಯಲ್ಲಿ ಹುಡುಕಿ ಅದರ ಆದ್ಯತೆಯನ್ನು ತುತ್ತತುದಿಗೆ ಏರಿಸಿದ. ಉಳಿದ ಕೆಲಸಗಳು ನಿಂತುಹೋಗಬಹುದು ಎಂದು ಕಂಪ್ಯೂಟರ್ ಎಚ್ಚರಿಸಿತು. ಅಂಥದ್ದನ್ನೆಲ್ಲ ಓದುತ್ತ ಕೂರುವ ಜಾಯಮಾನ ಅವನದಲ್ಲ. 'ಸರಿ' ಒತ್ತಿ, ರೆಕಾರ್ಡಿಂಗ್ ಶುರು ಮಾಡಿದ.

"ಇಂದು ಆಕಾಶ ತಿಳಿಯಾಗಿದೆ," ಎಂದು ಮೇಡಂ ಓದಿದರು. ಈ ಸಲ 'ಟಿಕ್' ಇಲ್ಲ, ಒಂದು ಪದವೂ ಮುರಿಯಲಿಲ್ಲ. ಆದರೆ ಪರದೆಯ ಮೇಲೆ ಮುಂದಿನ ವಾಕ್ಯ ಬರಲಿಲ್ಲ. ಮೌಸ್ ಅಲ್ಲಾಡಲಿಲ್ಲ. ಕೀಲಿಗಳನ್ನು ಒತ್ತಿದ, ಕುಟ್ಟಿದ. ರೆಕಾರ್ಡರ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕಲ್ಲಾಗಿತ್ತು. ನಿಲ್ಲು ಎಂದರೆ ಕೇಳಿಸಿಕೊಳ್ಳಲೂ ಯಂತ್ರಕ್ಕೆ ಪುರುಸೊತ್ತಿಲ್ಲ. ಅರ್ಧ ಗಂಟೆ ತುಂಬಿದ ಮೇಲೆ ತಾನಾಗಿಯೇ ನಿಲ್ಲಬೇಕು, ಇಲ್ಲವೇ ಪ್ಲಗ್ ಕೀಳಬೇಕು.

ಅವನು ಮೇಜಿನಡಿ ತೂರಿದ. ಹೆಡ್‌ಫೋನಿನಲ್ಲಿ ಮೇಡಂ ಪಕ್ಕದಲ್ಲಿದ್ದ ಗಂಡನಿಗೆ ಹೇಳುತ್ತಿದ್ದರು: "ಇದೂ ನಿಮ್ಮ ಹಾಗೇ ನೋಡಿ. ಚಡಾವು ಹತ್ತುವಾಗ ನಿಂತ್ರೆ ನಿಂತೇ ಹೋಯ್ತು."

"ಅದಕ್ಕೇ ನಾನು ಸ್ಟೇರಿಂಗ್ ಮುಟ್ಟೋದನ್ನೇ ಬಿಟ್ಟಿರೋದು ಮಾರಾಯ್ತಿ."

"ಬಿಟ್ರೆ ಇನ್ಮೇಲೆ ನನ್ನ ಆಸ್ಪತ್ರೆಗೆ ಕರ್ಕೊಂಡ್ಹೋಗೋರು ಯಾರು? ಊರವರಿಗೆಲ್ಲ ಕಲಿಸ್ದೆ, ಮನೇಲಿರೋ ಒಬ್ಬರಿಗೆ ಆಗ್ಲಿಲ್ಲ. ನಾಳೆಯಿಂದ ಕೂಗೋಕೂ ಬಾಯಿರಲ್ಲ. ನೆಟ್ಟಗೆ ಕೂತ್ಕೊಳ್ಳಿ. ಕ್ಲಚ್ ಒತ್ತಿ."

"ಇಲ್ಲೇನಾ?"

"ಇನ್ನೆಲ್ಲಿ!"

ಇಂಜಿನಿಯರ್ ಎದ್ದುಹೋಗಿ ಬಾಗಿಲು ತೆರೆದ. ಗಂಡ ಗಾಳಿಯಲ್ಲಿ ಸ್ಟೇರಿಂಗ್ ಹಿಡಿದು ಬೆವರುತ್ತಿದ್ದರು.

"ಮೇಡಂ, ದನಿ ಉಳಿಸ್ಕೊಳ್ಳಿ. ಯಂತ್ರಕ್ಕೆ ಬೇಕಾಗಿರೋದು ಆ ವಾಕ್ಯಗಳು. ಪ್ಲಗ್ ಕಿತ್ತು ಹೊಸದಾಗಿ ಶುರು ಮಾಡೋಣ. ಆದ್ರೆ ಈಗ ಮಾತಾಡಿದ್ದು ಅಳಿಸಿಹೋಗುತ್ತೆ."

ಮೇಡಂ ತಿರುಗಿಯೂ ನೋಡದೆ ಅಂಗೈ ಎತ್ತಿದರು. "ಸುಮ್ನಿರಪ್ಪ, ತಿರುವಿನಲ್ಲಿದ್ದಾರೆ."

ಅವನು ಬಾಗಿಲು ಮುಚ್ಚಿ ಬಂದು ಕೂತ. ಹೆಡ್‌ಫೋನಿನಲ್ಲಿ ಆ ಇಲ್ಲದ ಕಾರು ಮನೆಯ ಗೇಟು ದಾಟಿತ್ತು. ಮಾರ್ಕೆಟ್ಟು, ಸೇತುವೆ ಒಂದೊಂದೇ ಬಂದವು. "ಕನ್ನಡಿ ಇರೋದು ತಲೆ ಬಾಚ್ಕೊಳ್ಳೋಕಲ್ಲ!" "ಹಿಂದಿನವನು ಹಾರ್ನ್ ಹೊಡೆದ್ರೆ ಹೊಡ್ಕೊಳ್ಲಿ. ರಸ್ತೆ ಅವರಪ್ಪಂದಾ? ನಿಮಗೆ ಧೈರ್ಯ ಬಂದಾಗ ಹೊರಡಿ." ದನಿ ಸವೆಯುತ್ತ ಬಂತು. ಆಸ್ಪತ್ರೆಯ ಗೇಟಿನಲ್ಲಿ "ಹ್ಯಾಂಡ್‌ಬ್ರೇಕ್..." ಎನ್ನುವಷ್ಟರಲ್ಲಿ ಬರೀ ಗಾಳಿ. ಗಂಡ ತಾವಾಗಿಯೇ ಎಳೆದು ನಿಲ್ಲಿಸಿದರು.

ಅರ್ಧ ಗಂಟೆ ತುಂಬಿತು. ರೆಕಾರ್ಡರ್ ಎಲ್ಲವನ್ನೂ ಉಳಿಸಿಕೊಂಡು ನಿಂತಿತು. ಮೌಸ್ ಅಲ್ಲಾಡಿತು, ಮುಂದಿನ ವಾಕ್ಯ ಪರದೆಗೆ ಬಂತು. ಮೇಡಂ ಅದನ್ನು ನೋಡಿ, ಇನ್ನು ಆಗದು ಎಂದು ತಲೆಯಾಡಿಸಿದರು.

"ಇದರಿಂದ ಯಂತ್ರ ಮಾತು ಕಲಿಯಲ್ಲ ಸಾರ್," ಎಂದ ಇಂಜಿನಿಯರ್, ಒಳಗೆ ಬಂದು. "ಶುರುವಿಂದ ಕೊನೆವರೆಗೂ ಬೈಗುಳ. ಎಲ್ಲಾ ಒಂದೇ ರಾಗ."

"ಆ ರಾಗದಲ್ಲೇ ಸ್ವಾಮಿ ನಾನು ಸಂಸಾರ ಮಾಡಿರೋದು. ಕೊಡಿ ಅದನ್ನ."

ಮೇಡಂ ನಕ್ಕರು. ಎಲ್ಲ ಖರ್ಚಾಗಿದೆ ಎಂದುಕೊಂಡಿದ್ದ ಗಂಟಲಿನಿಂದ ಸಣ್ಣ ಹುಡುಗಿಯಂಥ ನಗು ಸದ್ದು ಮಾಡಿಕೊಂಡೇ ಹೊರಬಂತು. ಗಂಡ ಗಾಜಿನಾಚೆಯ ಪರದೆಯತ್ತ ತಟ್ಟನೆ ತಿರುಗಿದರು. ಅಲ್ಲಿ ರೆಕಾರ್ಡರ್ ಓಡುತ್ತಿರಲಿಲ್ಲ.